ಐದನೆಯ ಸಹಿ

ಶಾಮಸುಂದರ ಓದುತ್ತಿದ್ದ. ಉಸಿರು ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಒತ್ತಕ್ಷರವನ್ನು ಸರಿಯಾಗಿ ಒತ್ತಿ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಚೊಕ್ಕವಾಗಿ ಓದುತ್ತಿದ್ದ. ತೊಂದರೆ ಒಂದೇ, ಓದುತ್ತಿದ್ದುದರ ತಲೆಬುಡ ಅವನಿಗೆ ತಿಳಿಯುತ್ತಿರಲಿಲ್ಲ. ಲಿಪಿ ಕನ್ನಡ, ಭಾಷೆ ಕೊಂಕಣಿ. ಮಂಗಳೂರಿನ ಕ್ರೈಸ್ತರು ತಮ್ಮ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ ಎಂಬ ಸಂಗತಿ ಮೈಸೂರಿನಲ್ಲಿ ಹುಟ್ಟಿ ಬೆಳೆದ ಅವನಿಗೆ ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ಅಬುಧಾಬಿಯಲ್ಲಿ, ಮೊನ್ನೆ ಮೊನ್ನೆ ಗೊತ್ತಾದದ್ದು.

ಪುಟ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೋಡಿ ಸಾರ್, ಒಂದಕ್ಷರ ಬಿಡದೆ ಓದಿದೀನಿ. ಒಂದಕ್ಷರ ಅರ್ಥ ಆಗಿದ್ರೆ ಕೇಳಿ," ಎಂದ.

ಮೇಜಿನ ಈಚೆ ಕೂತಿದ್ದ ಇಗ್ನೇಶಿಯಸ್ ತಲೆಯಾಡಿಸಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದರೆ ಏನಾದರೂ ಅನ್ನಿಸಬೇಕಲ್ಲ, ಅದು ಮಾತ್ರ ಅನ್ನಿಸಿರಲಿಲ್ಲ. ಕಾಗದದ ಎಡಗಡೆ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಸಣ್ಣ ಕಪ್ಪು ಗೆರೆ ಇಳಿದಿತ್ತು. ಅವನು ಕೆಲಸ ಮಾಡುವ ಹೋಟೆಲಿನ ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಗೀರು ಬಿದ್ದು ಎರಡು ವರ್ಷವಾಗಿತ್ತು, ಅಲ್ಲಿಂದೀಚೆಗೆ ಅದರಿಂದ ಹೊರಬಿದ್ದ ಪ್ರತಿ ಹಾಳೆಯಲ್ಲೂ ಈ ಗೆರೆ ಇರುತ್ತಿತ್ತು. ಅಂದರೆ ಇದು ಅವನೇ ತೆಗೆದ ಪ್ರತಿ.

ಇಗ್ನೇಶಿಯಸ್ ಎಂಬುದು ಪಾಸ್‌ಪೋರ್ಟಿನ ಹೆಸರು. ಊರಿನವರಿಗೆ ಅವನು ಇನಾಸ್. ಮಂಗಳೂರಿನ ಹತ್ತಿರದ ಕಿನ್ನಿಗೋಳಿ ಕಡೆಯವನು. ದೊಡ್ಡ ಹೋಟೆಲೊಂದರ ಲಾಬಿಯ ಮಗ್ಗುಲಿಗೆ, ಬಿಸಿನೆಸ್ ಸೆಂಟರ್ ಅನ್ನುವ ಗಾಜಿನ ಕೋಣೆಯಲ್ಲಿ ಒಂಬತ್ತು ವರ್ಷಗಳಿಂದ ಕೂತಿದ್ದಾನೆ. ತಂಗುವವರ ಫ್ಯಾಕ್ಸು ಕಳಿಸುವುದು, ಬಂದದ್ದನ್ನು ರೂಮಿಗೆ ಮುಟ್ಟಿಸುವುದು, ಝೆರಾಕ್ಸು, ಟೈಪಿಂಗು, ಇಷ್ಟು ಕೆಲಸ. ಸೇರಿದ ಮೊದಲ ದಿನವೇ ಮ್ಯಾನೇಜರು ಒಂದು ಪದ್ಧತಿ ಹೇಳಿಕೊಟ್ಟಿದ್ದ. ಇಲ್ಲಿಂದ ಹೋಗುವ, ಇಲ್ಲಿಗೆ ಬರುವ ಯಾವ ಕಾಗದವಾದರೂ ಸರಿ, ಇನ್ನೊಂದು ಪ್ರತಿ ತೆಗೆದು ನೀಲಿ ಫೈಲಿನಲ್ಲಿ ಇಡಬೇಕು. ದಿನಾ ನಾಲ್ಕು ಗಂಟೆಗೆ ಒಬ್ಬ ಬಂದು ತುಂಬಿದ ಫೈಲು ಒಯ್ಯುತ್ತಾನೆ, ಖಾಲಿಯದನ್ನು ಬಿಟ್ಟುಹೋಗುತ್ತಾನೆ. ಯಾರಿಗೆ, ಯಾಕೆ ಎಂದು ಕೇಳಬಾರದು. ಏನು ಬರೆದಿದೆ ಎಂದು ಓದಲೂಬಾರದು.

ಮೊದಲ ವರ್ಷ ಒಬ್ಬ ಬಡಕಲು ಮೇಷ್ಟ್ರು ಬಂದು ಮೂರನೇ ಮಹಡಿಯಲ್ಲಿ ತಂಗಿದ್ದರು. ಒಂದು ಉದ್ದ ಫ್ಯಾಕ್ಸು ಕಳಿಸಿದರು. ಎರಡು ದಿನ ಬಿಟ್ಟು ನೋಡಿದರೆ ರೂಮು ಖಾಲಿ, ಬಾಗಿಲ ಹೊರಗೆ ಪಾಲಿಶಿಗೆಂದು ಇಟ್ಟ ಬೂಟು ಮಾತ್ರ ಹಾಗೆಯೇ ಇತ್ತು. ಆ ದಿನ ಇನಾಸನಿಗೆ ಊಟ ಸೇರಲಿಲ್ಲ. ಮುಂದಿನ ಸಲ ಇನ್ನಾರೋ ಹಾಗೆ ಕಾಣೆಯಾದಾಗ ಅರ್ಧ ಊಟ ಸೇರಿತು. ಆಮೇಲಾಮೇಲೆ ಪೂರ್ತಿಯೇ ಸೇರತೊಡಗಿತು. ಅವನು ಕೆಟ್ಟವನಲ್ಲ. ಕಟುಕನೂ ಅಲ್ಲ. ಆದರೆ ಮನುಷ್ಯನ ಮೈ ಯಾವುದಕ್ಕೆ ಒಗ್ಗಿಕೊಳ್ಳುವುದಿಲ್ಲ ಹೇಳಿ.

ಈ ಕಾಗದ ಬಂದದ್ದು ಹೀಗೆ. ಆ ವರ್ಷ, ಅಂದರೆ ತೊಂಬತ್ತೊಂಬತ್ತರ ಮಾರ್ಚಿನಲ್ಲಿ, ಅಬುಧಾಬಿಯಲ್ಲಿ ಆಯುಧಗಳ ದೊಡ್ಡ ಮೇಳ ನಡೆಯಿತು. ಐದು ದಿನ ಹೋಟೆಲುಗಳೆಲ್ಲ ತುಂಬಿ ತುಳುಕಿದವು. ಮೇಳದ ಮಳಿಗೆ ಕಟ್ಟಲಿಕ್ಕೆ, ಪೆಟ್ಟಿಗೆ ಹೊರಲಿಕ್ಕೆ, ಚಹಾ ಕೊಡಲಿಕ್ಕೆ ಎಲ್ಲ ಹೋಟೆಲುಗಳಿಂದಲೂ ಕಂಪೆನಿಗಳಿಂದಲೂ ಆಳು ಹೋದರು. ಇವರ ಹೋಟೆಲಿನಿಂದ ಹೋದವರಲ್ಲಿ ಲೆಸ್ಲಿಯೂ ಒಬ್ಬ. ಪ್ರೊಜೆಕ್ಟರು, ಮೈಕು ನೋಡಿಕೊಳ್ಳುವ ಹುಡುಗಾಟದ ಆಸಾಮಿ, ಮೂವತ್ತು ದಾಟಿದರೂ ಮದುವೆ ಅಂದರೆ ನಗುತ್ತಿದ್ದವನು. ಮೇಳ ಮುಗಿಸಿ ಬಂದವನ ಮುಖದಲ್ಲಿ ನಗು ಇರಲಿಲ್ಲ. ಅದೇ ಹೋಟೆಲಿನಲ್ಲಿ ಯುರೋಪಿನ ಒಬ್ಬ ಮುದುಕಿ ತಂಗಿದ್ದಳಂತೆ, ನಿವೃತ್ತ ಟೀಚರು. ಅವಳದೂ ಅವಳ ಗೆಳತಿಯರದೂ ಒಂದು ಸಣ್ಣ ಗುಂಪು. ಯಾರು ಯಾರಿಗೆ ಏನು ಮಾರುತ್ತಾರೆ ಎಂದು ಪತ್ತೆ ಮಾಡಿ ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚುಹಾಕಿ, ತಮ್ಮ ಸರಕಾರದ ಬಾಗಿಲಲ್ಲಿ ಹೋಗಿ ಕೂರುವವರು. ಫೋಟೋ ಸಾಲದು, ಕಣ್ಣಾರೆ ಕಂಡವರ ಮಾತು ಬೇಕು, ನಿಮ್ಮ ಭಾಷೆಯಲ್ಲೇ ಬರೆಯಿರಿ, ನಾವು ಹೇಗೋ ಅನುವಾದ ಮಾಡಿಸಿಕೊಳ್ಳುತ್ತೇವೆ ಎಂದು ಅವಳು ಲೆಸ್ಲಿಗೆ ಹೇಳಿ ಹೋಗಿದ್ದಳು.

ಮಧ್ಯಾಹ್ನದ ಊಟದ ಹೊತ್ತು, ಲಾಬಿಯಲ್ಲಿ ಯಾರೂ ಇಲ್ಲದಾಗ ಲೆಸ್ಲಿ ಎರಡು ಹಾಳೆ ಹಿಡಿದು ಬಂದ. ಹೊರಗಿನ ಅಂಗಡಿಯಲ್ಲಿ ಫ್ಯಾಕ್ಸಿಗೆ ಗುರುತಿನ ಕಾರ್ಡು ಕೇಳುತ್ತಾರೆ, ಒಂದು ಸಲ ಕಳಿಸಿಕೊಡು ಎಂದ. ಇನಾಸ್ ಬೇಡ ಎಂದ. ಲೆಸ್ಲಿ ಬಿಡಲಿಲ್ಲ. ಊರಿನ ಹುಡುಗ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಎಷ್ಟು ಸಲ ಇಲ್ಲ ಅನ್ನುವುದು. ಒಂದು ಪ್ರತಿಯೂ ಉಳಿಯಬಾರದು ಎಂದು ಲೆಸ್ಲಿ ಹೇಳಿದ, ಆಗಲಿ ಎಂದು ಇನಾಸನೂ ಹೇಳಿದ. ಫ್ಯಾಕ್ಸು ಹೋಯಿತು. ಲೆಸ್ಲಿ ಬಾಗಿಲ ಕಡೆ ನಿಂತು ಲಾಬಿಯನ್ನು ಕಾಯುತ್ತಿದ್ದಾಗ ಇನಾಸನ ಕೈ ಆ ಎರಡು ಹಾಳೆಯನ್ನು ಎತ್ತಿ, ಗಾಜಿನ ಮೇಲಿಟ್ಟು, ಗುಂಡಿ ಒತ್ತಿ, ಪ್ರತಿಯನ್ನು ನೀಲಿ ಫೈಲಿಗೆ ಸೇರಿಸಿ, ಮೂಲವನ್ನು ಲೆಸ್ಲಿಗೆ ವಾಪಸು ಕೊಟ್ಟಿತು. ಕೈ ಮಾಡಿದ ಕೆಲಸ. ಒಂಬತ್ತು ವರ್ಷ ಮಾಡಿದ ಕೈ ಅದು, ಕೇಳಿ ಮಾಡುವುದನ್ನು ಯಾವತ್ತೋ ಬಿಟ್ಟಿತ್ತು.

ನೆನಪಾದದ್ದು ನಾಲ್ಕು ಗಂಟೆಗೆ, ಫೈಲು ಒಯ್ಯುವವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಾಗ. ಒಂದು ನಿಮಿಷ ನಿಲ್ಲಿ, ತಪ್ಪಿ ಏನೋ ಸೇರಿದೆ ಎಂದರೆ ಮುಗಿಯುತ್ತಿತ್ತು. ಇನಾಸ್ ಎದ್ದು ನಿಂತ, ಅಷ್ಟೆ. ಆ ಮನುಷ್ಯ ಸಲಾಂ ಹೇಳಿದ, ಇವನೂ ಸಲಾಂ ಹೇಳಿದ. ಸೋಮವಾರ ಅದು. ಮಂಗಳವಾರ ಲೆಸ್ಲಿ ಕೆಲಸಕ್ಕೆ ಬರಲಿಲ್ಲ. ಊರಾಚೆ ಮುಸಫಾದಲ್ಲಿದ್ದ ಕಂಪೆನಿ ರೂಮಿನಲ್ಲಿ ಅವನ ಹಾಸಿಗೆ ಸುತ್ತಿ ಇಟ್ಟಿದ್ದರಂತೆ, ಸಂಜೆಯೊಳಗೆ ಅಲ್ಲಿಗೆ ಬೇರೊಬ್ಬ ಬಂದನಂತೆ. ಬುಧವಾರ ಬೆಳಿಗ್ಗೆ ಶಾಮಸುಂದರ ಬಂದ.

ಶಾಮಸುಂದರನನ್ನು ಇನಾಸ್ ಒಮ್ಮೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನೋಡಿದ್ದ, ಪ್ರಾರ್ಥನೆ ಹಾಡಿದ್ದು ಅವನೇ. ಯಾವುದೋ ಆಫೀಸಿನಲ್ಲಿ ಅನುವಾದಕ ಎಂದಷ್ಟೇ ಗೊತ್ತಿತ್ತು. ಯಾವ ಆಫೀಸು ಎಂದು ಈಗ ಗೊತ್ತಾಯಿತು, ನೀಲಿ ಫೈಲು ಹೋಗಿ ಸೇರುವುದು ಅಲ್ಲಿಗೇ. ಅವನೇನು ಗದರಿಸಲಿಲ್ಲ. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಗೆರೆ ಹಾಳೆಯ ಪುಸ್ತಕ. ಪಾಪ, ಅವನಿಗೂ ಸಂಕಟವೇ. ಕನ್ನಡ ಬಲ್ಲವನು ಎಂದು ಕೆಲಸಕ್ಕೆ ಇಟ್ಟುಕೊಂಡವರ ಮುಂದೆ ಹೋಗಿ, ಅಕ್ಷರ ನಮ್ಮದು ಭಾಷೆ ನಮ್ಮದಲ್ಲ ಎಂದು ಹೇಳಿದರೆ ಅವರು ನಂಬುತ್ತಾರೆಯೇ. ಇವನಿಗೆ ಹೇಳಲು ಮನಸ್ಸಿಲ್ಲ ಎಂದುಕೊಳ್ಳುತ್ತಾರೆ.

"ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ, ಅದು ನನ್ನ ಜವಾಬ್ದಾರಿ," ಎಂದ ಶಾಮಸುಂದರ.

ಇನಾಸ್ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲ ಸಾಲಿನಿಂದ ಕನ್ನಡದಲ್ಲಿ ಹೇಳತೊಡಗಿದ. ನಾವು ಆಯುಧದ ಮೇಳದಲ್ಲಿ ಕೆಲಸ ಮಾಡಿದವರು. ಪೆಟ್ಟಿಗೆ ಇಳಿಸಿದವರು, ಲೈಟು ಕಟ್ಟಿದವರು, ಚಹಾ ಕೊಟ್ಟವರು. ಹದಿನಾಲ್ಕನೇ ನಂಬರಿನ ಮಳಿಗೆಯಲ್ಲಿ ಮನುಷ್ಯರ ಕಾಲಿಗೆ ಹಾಕುವ ಬೇಡಿ, ಕರೆಂಟಿನ ದೊಣ್ಣೆ ಇದ್ದವು. ಮೇಜಿನ ಮೇಲೆ ಇಟ್ಟಿರಲಿಲ್ಲ, ಕೇಳಿದವರಿಗೆ ಕೆಳಗಿನಿಂದ ತೆಗೆದು ತೋರಿಸುತ್ತಿದ್ದರು. ಇಪ್ಪತ್ತೆರಡನೇ ನಂಬರಿನಲ್ಲಿ ಚೆಂಡಿನಷ್ಟು ಸಣ್ಣ ಬಾಂಬುಗಳು ಇದ್ದವು. ಒಂದು ದೊಡ್ಡ ಬಾಂಬಿನ ಹೊಟ್ಟೆಯಲ್ಲಿ ಇಂಥವು ಇನ್ನೂರು. ಬಿದ್ದಾಗ ಎಲ್ಲವೂ ಸಿಡಿಯುವುದಿಲ್ಲ, ಕೆಲವು ಮಣ್ಣಲ್ಲಿ ಉಳಿಯುತ್ತವೆ. ನಮ್ಮಲ್ಲಿ ಒಬ್ಬನಿಗೆ ಇವುಗಳ ಗುರುತು ಇದೆ. ಯುದ್ಧ ಮುಗಿದ ಮೇಲೆ ಕುವೈಟಿನಲ್ಲಿ ಕಸ ಎತ್ತುವ ಕೆಲಸಕ್ಕೆ ಹೋಗಿದ್ದಾಗ ಅವನ ಜೊತೆಗಾರ ಇಂಥದೊಂದನ್ನು ಕೈಯಲ್ಲಿ ಎತ್ತಿಕೊಂಡ.

ಶಾಮಸುಂದರ ಬರೆಯುತ್ತಿದ್ದವನು ಸ್ವಲ್ಪ ನಿಲ್ಲಿ ಎಂದ. ಪೆನ್ನು ಬದಲಿಸಿದ. ಇನಾಸ್ ಕಾದು, ಮುಂದುವರಿಸಿದ. ನಮ್ಮಲ್ಲಿ ಒಬ್ಬರು ಈ ಸಣ್ಣ ಬಾಂಬುಗಳನ್ನು ಇಡಲಿಕ್ಕೆ ಕಪ್ಪು ವೆಲ್ವೆಟ್ಟಿನ ಹಾಸು ಹೊಲಿದುಕೊಟ್ಟರು. ಅತ್ತರಿನ ಬಾಟಲಿ ಇಡಲಿಕ್ಕೆ ಎಂದು ಅವರಿಗೆ ಹೇಳಿದ್ದರು.

"ಅತ್ತರು ಅಂದ್ರಾ?"

"ಹೌದು, ಅತ್ತರು."

ಆ ಸಾಲೂ ಅವನ ಬಾಯಿಂದ ಬಂತು, ಹೋಯಿತು. ಎಲ್ಲೂ ತಾಗಲಿಲ್ಲ. ಮುಂದಿನ ಸಾಲಿಗೆ ಹೋದ. ಮಾರುವವರು, ಕೊಳ್ಳುವವರು ಯಾರೆಂದು ನಿಮಗೆ ಗೊತ್ತು, ಹೊತ್ತವರು ಮಾತ್ರ ನಾವು. ನಮಗೆ ಇದು ಬೇಡ ಎಂದು ಹೇಳಲಿಕ್ಕೆ ನಮ್ಮ ಹತ್ತಿರ ಬೇರೆ ದಾರಿ ಇಲ್ಲ. ಇದನ್ನು ನಿಮ್ಮ ಪೇಪರಿನಲ್ಲಿ ಹಾಕಿ. ಇತಿ, ಎಂದು ಮುಗಿಸಿದ. ಬಾಯಿ ಒಣಗಿತ್ತು, ನೀರು ಕುಡಿದ. ಶಾಮಸುಂದರನಿಗೂ ಒಂದು ಲೋಟ ಕೊಟ್ಟ.

ಇನ್ನು ಉಳಿದದ್ದು ಸಹಿಗಳು, ಎರಡನೆಯ ಹಾಳೆಯಲ್ಲಿ. ಒಟ್ಟು ಹನ್ನೊಂದು, ಒಂದರ ಕೆಳಗೊಂದು. ಮೊದಲನೆಯದು ಲೆಸ್ಲಿಯದು, ಧೈರ್ಯವಾಗಿ ಪೂರ್ತಿ ಹೆಸರು ಬರೆದಿದ್ದ. ಮಿಕ್ಕವರು ಹೆದರಿ, ಊರಲ್ಲಿ ಮನೆಯವರು ಕರೆಯುವ ಹೆಸರನ್ನು ಮನೆತನದ ಇಲ್ಲವೇ ಊರಿನ ಜೊತೆ ಸೇರಿಸಿ ಬರೆದಿದ್ದರು. ಬುದ್ಧಿವಂತಿಕೆಯ ಕೆಲಸವೇ. ಕರಾವಳಿಯವರ ಪಾಸ್‌ಪೋರ್ಟಿಗೂ ಅವರ ಮನೆ ಹೆಸರಿಗೂ ಸಂಬಂಧ ಇರುವುದಿಲ್ಲ. ಲೇಬರ್ ಕ್ಯಾಂಪಿನ ರಿಜಿಸ್ಟರಿನಲ್ಲಿ ನಲವತ್ತು ಜನ ಡಿಸೋಜರು ಇರುತ್ತಾರೆ, ಆ ಹೆಸರು ಹಿಡಿದು ಕರೆದರೆ ಒಬ್ಬನೂ ತಿರುಗಿ ನೋಡುವುದಿಲ್ಲ. ಪಲ್ಕೆಯ ಜೊಕಿ ಎಂದರೆ ಮಾತ್ರ ಒಬ್ಬನೇ ಒಬ್ಬ ಏಳುತ್ತಾನೆ. ಯಾವ ಆಫೀಸಿನ ಯಾವ ಯಂತ್ರಕ್ಕೂ ಅದು ಗೊತ್ತಾಗುವ ಹಾಗಿಲ್ಲ, ಆ ಕಡೆಯವನೇ ಯಾರಾದರೂ ಕೂತು ಹೇಳಬೇಕು.

"ಇದು?" ಎಂದು ಶಾಮಸುಂದರ ಎರಡನೆಯ ಸಹಿಯ ಮೇಲೆ ಪೆನ್ನಿನ ತುದಿ ಇಟ್ಟ.

"ಪಲ್ಕೆಯ ಜೊಕಿ. ಜೋಕಿಂ. ನಮ್ಮ ಹೋಟೆಲಿನ ಇಲೆಕ್ಟ್ರಿಷಿಯನ್."

"ಇದು?"

"ಉಳ್ಳಾಲದ ಕಾಕ. ಅಬ್ಬಾಸ್ ಅಂತ. ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುದು. ಎಲ್ಲರೂ ಕಾಕ ಅಂತ ಕರೆಯುದು."

"ಇದು?"

"ಮಟ್ಟಾರಿನ ಪೆದ್ರು. ಪೀಟರ್. ಬ್ಯಾಂಕ್ವೆಟ್ಟಿನಲ್ಲಿ ವೇಟರು."

ಯಾರೋ ರೂಮು ನಂಬರು ಕೇಳಿದ ಹಾಗೆ, ಇವನು ಹೇಳಿದ ಹಾಗೆ. ನಡುವೆ ಒಂದು ಉಸಿರಿನ ಅಂತರವೂ ಇರಲಿಲ್ಲ. ಇನಾಸ್ ಆಗ ಏನು ಯೋಚಿಸುತ್ತಿದ್ದ ಎಂದು ಕೇಳಿದರೆ, ಯೋಚಿಸುತ್ತಿರಲಿಲ್ಲ ಎನ್ನುವುದೇ ನಿಜ. ಕೇಳಿದ್ದಕ್ಕೆ ಉತ್ತರ ಕೊಡುವುದು ಅವನ ಕೆಲಸ, ಕೊಟ್ಟ. ಪೆನ್ನಿನ ತುದಿ ಐದನೆಯ ಸಹಿಯ ಮೇಲೆ ಬಂದು ನಿಂತಿತು.

"ಇದು? ಕೊಡಂಗೆಚಿ ದಾಕ್ಟಿ. ಇದೂ ಒಬ್ಬನ ಹೆಸರಾ?"

ಕೊಡಂಗೆ ಮನೆಯ ಕಿರಿಯವಳು. ಏಳು ಮಕ್ಕಳಲ್ಲಿ ಕೊನೆಯವಳು ಎಂದು ಅಪ್ಪ, ಅಣ್ಣಂದಿರು ಮಾತ್ರ ಹಾಗೆ ಕರೆಯುತ್ತಿದ್ದರು. ಮದುವೆಯ ಹಿಂದಿನ ದಿನ, ರೋಸಿನ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಿದ ಮೇಲೆ, ಅವಳಪ್ಪ ಇನಾಸನ ಕೈ ಹಿಡಿದು ನಮ್ಮ ದಾಕ್ಟಿಯನ್ನು ನೋಡಿಕೋ ಎಂದಿದ್ದ. ಇನಾಸನ ಹೆಂಡತಿ ಲೂರ್ದ್. ಅಕ್ಷರವೂ ಅವಳದೇ, ದಿನಾ ಸಾಮಾನಿನ ಚೀಟಿಯಲ್ಲಿ ನೋಡುವ ಅಕ್ಷರ. ಓದಬಾರದು ಎಂಬ ಪದ್ಧತಿಗೆ ಒಗ್ಗಿಹೋದವನು ಸೋಮವಾರ ಇದೇ ಹಾಳೆಯನ್ನು ಗಾಜಿನ ಮೇಲೆ ಕವುಚಿ ಇಟ್ಟಿದ್ದ, ಕಣ್ಣು ಹಾಯಿಸಿರಲಿಲ್ಲ.

ಆಗ ವೆಲ್ವೆಟ್ಟು ನೆನಪಾಯಿತು. ಹೋದ ತಿಂಗಳು ಎರಡು ವಾರ ಮನೆ ತುಂಬ ಕಪ್ಪು ವೆಲ್ವೆಟ್ಟು ಬಿದ್ದಿತ್ತು. ಲೂರ್ದ್ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಮಳಿಗೆ ಕಟ್ಟುವ ಕಂಟ್ರಾಕ್ಟರನ ಆರ್ಡರು ಅದು, ಹೊಲಿದದ್ದನ್ನು ಒಯ್ಯಲು ಬರುತ್ತಿದ್ದವನು ಲೆಸ್ಲಿ. ಸುತ್ತಳತೆ ಹಿಡಿದು ಸಾಲುಸಾಲಾಗಿ ದುಂಡನೆಯ ಗೂಡು ಹೊಲಿದು, ಒಂದೊಂದಕ್ಕೂ ಬೆರಳಿಟ್ಟು ಪರೀಕ್ಷೆ ಮಾಡುತ್ತಿದ್ದಳು. ಇನಾಸ್ ಊಟದ ತಟ್ಟೆ ಇಡಲು ಜಾಗವಿಲ್ಲ ಎಂದು ರೇಗಿದ್ದ.

ಹೆದರಿಕೆಯಾಯಿತು. ಎಷ್ಟೋ ವರ್ಷಗಳ ಮೇಲೆ ಆದ ಹೆದರಿಕೆ. ಆದರೆ ಮುಖ ಒಂಬತ್ತು ವರ್ಷದಲ್ಲಿ ಕಲಿತದ್ದನ್ನು ಬಿಡಲಿಲ್ಲ, ಹಾಗೆಯೇ ಇತ್ತು.

"ಗೊತ್ತಿಲ್ಲ," ಎಂದ.

"ಇದರ ಕೆಳಗಿನದು?"

"ಅದೂ ಗೊತ್ತಿಲ್ಲ. ಉಳಿದದ್ದು ಯಾವುದೂ ಗೊತ್ತಿಲ್ಲ ನನಗೆ. ನಮ್ಮ ಕಡೆಯವರಲ್ಲ."

ಶಾಮಸುಂದರ ಕನ್ನಡಕದ ಮೇಲಿಂದ ನೋಡಿದ. ಮೂರು ಹೆಸರನ್ನು ನೀರು ಕುಡಿದ ಹಾಗೆ ಹೇಳಿದವನು ಮುಂದಿನದಕ್ಕೆ ನಿಂತಿದ್ದಾನೆ. ಪೆದ್ದನಾಗಿದ್ದರೆ ಅನುವಾದದ ಕೆಲಸಕ್ಕೆ ಅವನನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಐದನೆಯ ಸಹಿಯನ್ನು ಇನ್ನೊಮ್ಮೆ ನೋಡಿದ, ಇನಾಸನ ಬೆರಳಿನ ಉಂಗುರ ನೋಡಿದ. ಆಮೇಲೆ ಗೆರೆ ಹಾಳೆಯಲ್ಲಿ ಐದರಿಂದ ಹನ್ನೊಂದರವರೆಗೆ ಉದ್ದಕ್ಕೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಗುರುತಿಲ್ಲ ಎಂದು ಬರೆದ.

"ನನಗೂ ಮಗಳಿದಾಳೆ ಸಾರ್. ಮಾನ್ಯ ಅಂತ. ಎಂಟನೇ ಕ್ಲಾಸು ಇಲ್ಲೇ ಓದ್ತಿದಾಳೆ," ಎಂದು ಪುಸ್ತಕ ಮಡಿಸಿದ. "ಆ ಮೂರು ಬಿಡಕ್ಕಾಗಲ್ಲ. ಬರ್ದಾಗಿದೆ. ನಂಬರು ಹಾಕಿರೋ ಹಾಳೆ ಇದು, ಹರಿದ್ರೆ ಲೆಕ್ಕ ಕೇಳ್ತಾರೆ."

ಇನಾಸ್ ಬಿಡಿ ಎಂದು ಕೇಳಿರಲಿಲ್ಲ. ಕೇಳಬೇಕಾಗಿತ್ತು ಎಂದು ಹೊಳೆದದ್ದು ಶಾಮಸುಂದರ ಲಾಬಿ ದಾಟಿ, ತಿರುಗುವ ಬಾಗಿಲಿನ ಆಚೆ ಹೋದ ಮೇಲೆ. ಅಷ್ಟರಲ್ಲಿ ಒಬ್ಬರು ಬೋರ್ಡಿಂಗ್ ಪಾಸಿನ ಝೆರಾಕ್ಸು ಕೇಳಿಕೊಂಡು ಬಂದರು. ತೆಗೆದುಕೊಟ್ಟ. ಇನ್ನೊಂದು ಪ್ರತಿಯನ್ನು ಫೈಲಿಗೆ ಹಾಕಿದ.

ಜೊಕಿಗೆ ಹೇಳಿ ಕಳಿಸಬಹುದಿತ್ತು. ಜೊಕಿ ಕೆಲಸ ಮಾಡುತ್ತಿದ್ದದ್ದು ಅದೇ ಕಟ್ಟಡದ ತಳಮಹಡಿಯಲ್ಲಿ, ಲಿಫ್ಟಿನಲ್ಲಿ ಇಳಿದರೆ ಅರ್ಧ ನಿಮಿಷ. ಇನಾಸ್ ಎರಡು ಸಲ ಲಿಫ್ಟಿನವರೆಗೆ ಹೋದ. ಏನೆಂದು ಹೇಳುವುದು? ಓಡಿಹೋಗು ಅನ್ನುವುದೇ? ಪಾಸ್‌ಪೋರ್ಟು ಕಂಪೆನಿಯ ಕಪಾಟಿನಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು. ಎಲ್ಲಿಗೆ ಓಡುತ್ತಾನೆ? ಹಾಗೆಂದು ತನಗೆ ತಾನೇ ಹೇಳಿಕೊಂಡು ವಾಪಸು ಬಂದು ಕೂತ. ಅದು ಪೂರ್ತಿ ನಿಜವಲ್ಲ ಎಂದೂ ಗೊತ್ತಿತ್ತು. ನಿನಗೆ ಹೇಗೆ ಗೊತ್ತು ಇನಾಸಣ್ಣ ಎಂದು ಜೊಕಿ ಕೇಳುತ್ತಾನಲ್ಲ, ಅದಕ್ಕೆ ಹೆದರಿ ಬಂದು ಕೂತದ್ದು. ಗುರುವಾರ ಬೆಳಿಗ್ಗೆ ಮೂವರೂ ಕೆಲಸದ ಮೇಲೆ ಇರಲಿಲ್ಲ.

ಶುಕ್ರವಾರ ಚರ್ಚಿನಲ್ಲಿ, ಇವರ ಮಾತಿನಲ್ಲಿ ಇಗರ್ಜಿಯಲ್ಲಿ, ಕೊಂಕಣಿ ಪೂಜೆ. ಗಲ್ಫಿನಲ್ಲಿ ಆದಿತ್ಯವಾರ ರಜೆ ಇಲ್ಲ, ದೇವರು ಇವರಿಗಾಗಿ ಶುಕ್ರವಾರ ಬರುತ್ತಾನೆ ಎಂದು ಪೆದ್ರು ತಮಾಷೆ ಮಾಡುತ್ತಿದ್ದ. ಅವನು ಪ್ರತಿ ವಾರ ನಿಲ್ಲುವ ಕಂಬದ ಹತ್ತಿರ ಇವತ್ತು ಬೇರೆ ಯಾರೋ ನಿಂತಿದ್ದರು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಗುಂಪು ಕಟ್ಟಿ ಹರಟುವ ಜನ ಇವತ್ತು ಇಬ್ಬಿಬ್ಬರಾಗಿ ನಿಂತು, ಸ್ವರ ತಗ್ಗಿಸಿ, ಬೇಗ ಬೇಗ ಚದುರಿದರು. ಲೂರ್ದ್ ಅವರಲ್ಲಿ ಕೆಲವರ ಹತ್ತಿರ ಹೋಗಿ ಏನೋ ಕೇಳುತ್ತಿದ್ದುದನ್ನು ಇನಾಸ್ ಗೇಟಿನಿಂದ ನೋಡಿದ.

ಟೂರಿಸ್ಟ್ ಕ್ಲಬ್ಬಿನ ಹಿಂದೆ ಹಳೆಯ ಕಟ್ಟಡದಲ್ಲಿ ಅವರ ಮನೆ. ಮನೆ ಎಂದರೆ ಒಂದು ಫ್ಲ್ಯಾಟಿನ ಹಾಲು, ಉಳಿದ ಎರಡು ರೂಮಿನಲ್ಲಿ ಬೇರೆ ಎರಡು ಸಂಸಾರ, ಅವರು ಪೂಜೆಯಿಂದ ಇನ್ನೂ ಬಂದಿರಲಿಲ್ಲ. ಲೂರ್ದ್ ಕುಚ್ಚಲಕ್ಕಿ ಗಂಜಿ, ಬಂಗುಡೆಯ ಸಾರು ಬಡಿಸಿದಳು. ತಾನು ಬಡಿಸಿಕೊಳ್ಳಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ಅವನು ಎರಡು ತುತ್ತು ಉಣ್ಣುವವರೆಗೆ ಕಾದಳು. ಮಾತಾಡಿದ್ದು ಕೊಂಕಣಿಯಲ್ಲೇ. ಕನ್ನಡಕ್ಕೆ ತಂದರೆ ಹೀಗೆ.

"ಲೆಸ್ಲಿ ಒಂದು," ಎಂದು ಅವಳು ಹೆಬ್ಬೆರಳು ಮಡಿಸಿದಳು. "ಜೊಕಿ ಎರಡು. ಕಾಕ ಮೂರು. ಪೆದ್ರು ನಾಲ್ಕು."

ಇನಾಸ್ ಉಣ್ಣುವುದನ್ನು ನಿಲ್ಲಿಸಿದ. ಅವಳ ಕೈಯಲ್ಲಿ ಕಿರುಬೆರಳು ಒಂದೇ ಎದ್ದು ನಿಂತಿತ್ತು.

"ನಾವು ಸಹಿ ಹಾಕಿದ್ದು ಇದೇ ಸಾಲಿನಲ್ಲಿ. ಇಗರ್ಜಿಯ ಹಿಂದೆ, ಕಾಕನೂ ಅಲ್ಲಿಗೇ ಬಂದಿದ್ದ, ನೀವು ಟ್ಯಾಕ್ಸಿ ನಿಲ್ಲಿಸ್ಲಿಕ್ಕೆ ಹೋಗಿದ್ರಲ್ಲ, ಆವಾಗ. ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ, ಅದಕ್ಕೆ ಹೇಳ್ಲಿಲ್ಲ. ನನ್ನ ಕೈಯಾರೆ ಹೊಲಿದುಕೊಟ್ಟದ್ದು ಅದನ್ನೆಲ್ಲ. ಒಂದೊಂದಕ್ಕೂ ಬೆರಳಿಟ್ಟು ನೋಡಿ ಹೊಲಿದೆ. ಮಕ್ಕಳು ಹೆಕ್ಕುವಷ್ಟು ಸಣ್ಣದು ಅಂತ ಕಾಕ ಹೇಳಿದ ದಿನದಿಂದ ಮಿಶಿನಿನ ಎದುರು ಕೂತ್ರೆ ನನ್ನ ಕೈ ಓಡುದಿಲ್ಲ." ಅವಳು ಕಿರುಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. "ಆರನೆಯವರು ಇವತ್ತು ಪೂಜೆಗೆ ಬಂದಿದ್ರು. ಏಳನೆಯವರೂ ಬಂದಿದ್ರು. ಕೊನೆಯವರೆಗೆ ಎಲ್ಲರೂ ಬಂದಿದ್ರು, ನಾನು ಒಬ್ಬೊಬ್ಬರನ್ನೇ ನೋಡಿ ಬಂದೆ. ನಾಲ್ಕಕ್ಕೆ ಬಂದು ಇದು ನಿಂತದ್ದು ಹೇಗೆ?"

ಇನಾಸ್ ಹೇಳಿದ. ಸೋಮವಾರದ ಫ್ಯಾಕ್ಸಿನಿಂದ ಹಿಡಿದು, ನೀಲಿ ಫೈಲು, ಶಾಮಸುಂದರ, ಪೆನ್ನಿನ ತುದಿ, ಲಿಫ್ಟಿನವರೆಗೆ ಹೋಗಿ ಬಂದದ್ದು, ಎಲ್ಲವನ್ನೂ ಹೇಳಿದ. ಒಂಬತ್ತು ವರ್ಷದಲ್ಲಿ ಅವನು ತನ್ನ ಕೆಲಸ ಏನೆಂದು ಹೆಂಡತಿಗೆ ಹೇಳಿದ್ದು ಅದೇ ಮೊದಲು. ಹೇಳುವಾಗಲೂ ಸ್ವರ ಏರಲಿಲ್ಲ, ಇಳಿಯಲಿಲ್ಲ. ಅಳು ಬಂದರೆ ಒಳ್ಳೆಯದಿತ್ತು, ಬರಲಿಲ್ಲ. ಲೂರ್ದಳೂ ಅಳಲಿಲ್ಲ.

"ಹೇಳ್ಬೇಕು ಅಂತ ಹೇಳಿದ್ದಲ್ಲ ಲೂರ್ದ್. ಅವ ಕೇಳಿದ, ಬಾಯಿಗೆ ಬಂತು."

"ನನ್ನ ಹೆಸರು ಬರ್ಲಿಲ್ಲ ಬಾಯಿಗೆ."

ಗಂಜಿ ಆರಿ ಮೇಲೆ ಕೆನೆ ಕಟ್ಟಿತ್ತು. ಅವಳು ತಟ್ಟೆ ತೆಗೆಯಲು ಕೈ ಚಾಚಿ, ತೆಗೆಯದೆ, ಹಾಗೆಯೇ ಬಿಟ್ಟಳು. ನಾಳೆ ಬೆಳಿಗ್ಗೆ ತಾನೇ ಆ ಆಫೀಸಿಗೆ ಹೋಗಿ ಐದನೆಯವಳು ನಾನು ಎಂದು ಹೇಳಿದರೆ ಅವರನ್ನು ಬಿಡುತ್ತಾರೋ ಎಂದು ಕೇಳಿದಳು. ಬಿಡುವುದಿಲ್ಲ ಎಂದ. ಅವರನ್ನು ಎಲ್ಲಿ ಇಟ್ಟಿದ್ದಾರೆ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಆ ಆಫೀಸು ಯಾವ ರಸ್ತೆಯಲ್ಲಿದೆ ಎಂದು ಕೇಳಿದಳು. ಅದೂ ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದಿನಾ ಕಾಗದ ಕಳಿಸಿದವನು ವಿಳಾಸ ಕೇಳಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಫೋನು ಬಡಿಯಿತು. ಹಾಲಿನ ಮೂಲೆಯ ಸ್ಟೂಲಿನ ಮೇಲಿದ್ದ, ಮೂರು ಸಂಸಾರಕ್ಕೂ ಸೇರಿದ ಫೋನು. ಲೂರ್ದ್ ಎದ್ದು ಎತ್ತಿಕೊಂಡಳು. ಯಾರು ಎಂದು ಕನ್ನಡದಲ್ಲಿ ಕೇಳಿದಳು. ಹೌದು, ಇದೇ ಮನೆ ಎಂದಳು. ಆಮೇಲೆ ಆ ಕಡೆಯ ಮಾತನ್ನು ಕೇಳಿಸಿಕೊಂಡಳು. ಕೊನೆಗೆ, ಇದ್ದಾರೆ, ಕೊಡ್ತೇನೆ ಎಂದು ಹೇಳಿ, ರಿಸೀವರನ್ನು ಇನಾಸನ ಕಡೆಗೆ ಚಾಚಿದಳು. ತಂತಿ ಗಿಡ್ಡ. ಅವನೇ ಎದ್ದು ಬರಬೇಕಾಯಿತು.

ಉಳ್ಳಾಲದ ಎಸ್‌ಟಿಡಿ ಬೂತಿನಿಂದ ಅಬ್ಬಾಸ್ ಕಾಕನ ಹೆಂಡತಿ ಬೀಯಮ್ಮ. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು.

"ಇನಾಸಣ್ಣನಾ? ನಮ್ಮವರು ಶುಕ್ರವಾರ ನಮಾಜು ಮುಗಿಸಿ ಫೋನು ಮಾಡದೆ ಇರುದಿಲ್ಲ. ಹತ್ತು ವರ್ಷದಲ್ಲಿ ಒಂದು ವಾರ ತಪ್ಪಿಸ್ಲಿಲ್ಲ. ರೂಮಿಗೆ ಮಾಡಿದ್ರೆ ಅಂಥವರು ಇಲ್ಲಿ ಇಲ್ಲ ಅಂತ ಹೇಳ್ತಾರೆ. ಏನಾದ್ರೂ ಆದ್ರೆ ಇನಾಸಣ್ಣನಿಗೆ ಫೋನು ಮಾಡು, ಅವರಿಗೆ ಎಲ್ಲ ಗೊತ್ತಿರ್ತದೆ ಅಂತ ಅವರೇ ಈ ನಂಬರು ಬರೆದು ಕೊಟ್ಟದ್ದು. ನಿಮಗೆ ಗೊತ್ತುಂಟಾ ಅಣ್ಣ, ಅವರು ಎಲ್ಲಿದ್ದಾರೆ?"

ಇನಾಸ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಅಣ್ಣ? ಕೇಳ್ತಾ ಉಂಟಾ?"

ಲೂರ್ದ್ ಅಡುಗೆಮನೆಗೆ ಹೋಗಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ ಅಲ್ಲೇ ನಿಂತು, ಅವನ ಬಾಯಿಯನ್ನೇ ನೋಡುತ್ತಿದ್ದಳು.